ನದಿಯ ಈ ದಡ ಕೆನಡಾ, ಆ ದಡ ಅಮೆರಿಕ

ನಮಸ್ಕಾರ. ಈಗ ನೀವು ನೋಡುತ್ತಿರುವುದು ಡೆಟ್ರಾಯ್ಟ್ ನದಿ. ನಾನು ನಿಂತಿರುವುದು ಕೆನಡಾದ ವಿಂಡ್ಸರ್‌ನಲ್ಲಿ. ನೀರಿನಾಚೆ ಕಾಣುವ ಎತ್ತರದ ಕಟ್ಟಡಗಳು ಅಮೆರಿಕದ ಮಿಷಿಗನ್ ರಾಜ್ಯದ ಡೆಟ್ರಾಯ್ಟ್ ನಗರದವು. ಶಾಲೆಯ ಭೂಪಟದಲ್ಲಿ ಕೆನಡಾ ಮೇಲೆ, ಅಮೆರಿಕ ಕೆಳಗೆ, ಅಲ್ವಾ? ಇಲ್ಲಿ ಮಾತ್ರ ಉತ್ತರಕ್ಕೆ ಮುಖ ಮಾಡಿ ನಿಂತರೆ ಎದುರಿಗೆ ಅಮೆರಿಕ. ನದಿ ಹಾಗೆ ತಿರುಗಿಕೊಂಡಿದೆ.

ನಾನು ಬಂದ ಹೊಸದರಲ್ಲಿ ಎಲ್ಲರೂ ಒಂದೇ ಪಾಠ ಹೇಳಿದರು. ಕೆನಡಾದವರು ಮೆತ್ತಗಿನ ಜನ, ಮಾತು ಮಾತಿಗೂ ಸಾರಿ ಅನ್ನುತ್ತಾರೆ. ಅಮೆರಿಕದವರದು ಜೋರು ಗಂಟಲು, ತಮ್ಮ ದೇಶವೇ ದೊಡ್ಡದು ಅನ್ನುತ್ತಾರೆ. ನಾಲ್ಕು ವರ್ಷ ಎರಡೂ ದಡದಲ್ಲಿ ಓಡಾಡಿದ್ದೇನೆ. ಇದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟನ್ನೇ ನಂಬಿಕೊಂಡಿದ್ದರೆ ನನಗೆ ಇಲ್ಲಿಯ ಜನ ಅರ್ಥವಾಗುತ್ತಿರಲಿಲ್ಲ.

ಸಾರಿ ವಿಷಯವನ್ನೇ ತಗೊಳ್ಳಿ. ಬಸ್ಸಿನಲ್ಲಿ ನಾನು ಯಾರದೋ ಕಾಲು ತುಳಿದೆ. ಅವರೇ ನನಗೆ ಸಾರಿ ಅಂದರು! ವಿಂಡ್ಸರ್ ಇರುವ ಒಂಟಾರಿಯೋ ಪ್ರಾಂತ್ಯದಲ್ಲಿ 2009ರಲ್ಲಿ ಇದಕ್ಕೊಂದು ಕಾನೂನೇ ಬಂದಿದೆ. ಕ್ಷಮೆ ಕೇಳಿದ್ದನ್ನೇ ಹಿಡಿದು, ಪರಿಹಾರದ ಕೇಸಿನಲ್ಲಿ ತಪ್ಪು ಒಪ್ಪಿಕೊಂಡರು ಅಂತ ಹೇಳುವ ಹಾಗಿಲ್ಲ. ಆದರೆ ದಿನಾ ನಗುತ್ತಾ ಬಾಗಿಲು ಹಿಡಿಯುತ್ತಿದ್ದ ಪಕ್ಕದ ಮನೆಯವರು ನಮ್ಮನ್ನು ಒಳಗೆ ಕರೆಯಲು ಒಂದು ವರ್ಷ ಬೇಕಾಯಿತು.

ಆಚೆ ದಡದಲ್ಲಿ ಬೇರೆಯೇ ಆಯಿತು. ಡೆಟ್ರಾಯ್ಟ್‌ನ ಈಸ್ಟರ್ನ್ ಮಾರ್ಕೆಟ್‌ಗೆ ಮೊದಲ ಸಲ ಹೋಗಿದ್ದೆ. ಸೊಪ್ಪು ಮಾರುವ ಅಜ್ಜಿ ಯಾವ ದೇಶ, ಮಕ್ಕಳೆಷ್ಟು, ಈ ಸೊಪ್ಪಿಗೆ ಏನು ಹಾಕ್ತೀಯ ಅಂತ ಎಲ್ಲ ಕೇಳಿದರು. ಒಗ್ಗರಣೆ ಅಂದರೆ ಏನು ಅಂತ ಅವರಿಗೆ ವಿವರಿಸಿ ಹೇಳಿದೆ. ತೀರ್ಥಹಳ್ಳಿಯ ಸಂತೆಯಲ್ಲಿ ಅಮ್ಮನ ಜೊತೆ ನಿಂತ ಹಾಗಾಯಿತು. ವಿನಯ ಬೇರೆ, ಸಲಿಗೆ ಬೇರೆ ಅಂತ ಗೊತ್ತಾಗಿದ್ದು ಅವತ್ತು.

ಡೆಟ್ರಾಯ್ಟ್ ಹತ್ತಿರದ ನೋವೈಯಲ್ಲಿ ನಮ್ಮ ದೊಡ್ಡಮ್ಮನ ಮಗಳಿದ್ದಾಳೆ. "ಅಕ್ಕ, ನಿಮ್ಮ ಅಮೆರಿಕದವರು..." ಅಂತ ಶುರು ಮಾಡಿದರೆ ಸಾಕು, ತಡೆಯುತ್ತಾಳೆ. "ಯಾವ ಅಮೆರಿಕ ಕಣೇ? ಮಿಷಿಗನ್ನೋ, ಟೆಕ್ಸಾಸೋ?" ಸರಿಯಾದ ಪ್ರಶ್ನೆ. ಫ್ರೆಂಚ್ ಮಾತಾಡುವ ಕ್ವಿಬೆಕ್‌ಗಿಂತ ನಮ್ಮ ವಿಂಡ್ಸರ್‌ಗೆ ಡೆಟ್ರಾಯ್ಟೇ ಹತ್ತಿರ. ಎರಡೂ ಊರಿಗೆ ಅನ್ನ ಹಾಕಿದ್ದು ಕಾರಿನ ಕಾರ್ಖಾನೆಗಳು. ಐಸ್ ಹಾಕಿ ಅಂದರೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ಟೊರಾಂಟೊ ತಂಡವನ್ನು ಬಿಟ್ಟು ಡೆಟ್ರಾಯ್ಟ್ ರೆಡ್ ವಿಂಗ್ಸ್‌ಗೆ ಜೈ ಅನ್ನುತ್ತಾರೆ.

ನನ್ನ ಬದುಕಿಗೆ ನಿಜವಾಗಿ ತಟ್ಟಿದ ವ್ಯತ್ಯಾಸ ಆಸ್ಪತ್ರೆಯದು. ಮಗ ಬಿದ್ದು ಕೈ ಮುರಿದುಕೊಂಡಾಗ ಎಮರ್ಜೆನ್ಸಿಯಲ್ಲಿ ಏಳು ಗಂಟೆ ಕಾದೆವು. ಅವನು ಅಳುತ್ತಿದ್ದ. ನನಗೆ ಸಿಟ್ಟು, ಸಂಕಟ ಎರಡೂ. ಕೊನೆಗೆ ಹೊರಗೆ ಬಂದಾಗ ಒಂದು ಡಾಲರೂ ಕೊಡಬೇಕಾಗಲಿಲ್ಲ. ಅಕ್ಕನಿಗೆ ಅವಳ ಕೆಲಸ ಇಷ್ಟವಿಲ್ಲ. ಬಿಟ್ಟರೆ ಮನೆಯವರೆಲ್ಲರ ಇನ್ಶೂರೆನ್ಸ್ ಹೋಗುತ್ತದೆ ಅಂತ ಮೂರು ವರ್ಷದಿಂದ ಅಲ್ಲೇ ಇದ್ದಾಳೆ.

ಹಾಗಂತ ಕೆನಡಾದವರ ರಕ್ತದಲ್ಲೇ ಒಳ್ಳೆಯತನ ಇದೆ ಅಂದುಕೊಳ್ಳಬೇಡಿ. 1962ರಲ್ಲಿ ಸಸ್ಕ್ಯಾಚೆವಾನ್ ಪ್ರಾಂತ್ಯ ಡಾಕ್ಟರ ಖರ್ಚನ್ನು ಸರ್ಕಾರವೇ ಕೊಡುವ ಈ ವ್ಯವಸ್ಥೆ ತಂದಾಗ ಡಾಕ್ಟರುಗಳೇ 23 ದಿನ ಮುಷ್ಕರ ಹೂಡಿದ್ದರು. ನನ್ನ ಪರ್ಸಿನಲ್ಲಿರುವ ಈ ಹೆಲ್ತ್ ಕಾರ್ಡಿನ ಹಿಂದೆ ಅಂಥ ಜಗಳ ಇದೆ.

ಮೆತ್ತಗಿನ ಕೆನಡಾ ಸಿಟ್ಟಾಗಿದ್ದನ್ನು 2025ರಲ್ಲಿ ಕಣ್ಣಾರೆ ನೋಡಿದೆ. ಅಮೆರಿಕ ಸುಂಕ ಹಾಕಿದಾಗ ಒಂಟಾರಿಯೋದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನೆಲ್ಲ ತೆಗೆದುಬಿಟ್ಟವು. ಎಲ್ಲಿ ನೋಡಿದರೂ "ಎಲ್ಬೋಸ್ ಅಪ್" ಅನ್ನುವ ಮಾತು. ಮೊಣಕೈ ಎತ್ತಿ, ಬಿಟ್ಟುಕೊಡಬೇಡಿ ಅಂತ. ಆ ಮಾತು ನೆನಪಿಸುವುದು ಮೊಣಕೈ ಏಟಿಗೆ ಹೆಸರಾದ ಐಸ್ ಹಾಕಿ ಆಟಗಾರ ಗೋರ್ಡಿ ಹೌ ಅವರನ್ನು. ಅವರು ಹುಟ್ಟಿದ್ದು ಸಸ್ಕ್ಯಾಚೆವಾನ್‌ನಲ್ಲಿ. ಆದರೆ 25 ಸೀಸನ್ ಆಡಿದ್ದು ಎದುರಿಗಿರುವ ಈ ಡೆಟ್ರಾಯ್ಟ್‌ಗೆ! ಎರಡೂ ದಡದವರು ಅವರನ್ನು ನಮ್ಮವರು ಅನ್ನುತ್ತಾರೆ. ಅಗೋ, ದೂರದಲ್ಲಿ ಕಾಣುವ ಆ ಹೊಸ ಸೇತುವೆಗೂ ಅವರದೇ ಹೆಸರು.

ಆ ದಿನಗಳಲ್ಲಿ ಅಕ್ಕ ಒಮ್ಮೆ ನಮ್ಮನೆಗೆ ಬಂದಳು. ಚಕ್ಕುಲಿ ಡಬ್ಬಿಯ ಜೊತೆ ಒಂದು ಚೀಟಿ ತಂದಿದ್ದಳು. ಬರೆದವರು ಅವಳ ಪಕ್ಕದ ಮನೆಯ ಅಮೆರಿಕನ್ ಅಜ್ಜ. ನನ್ನನ್ನು ಅವರು ನೋಡಿಯೇ ಇಲ್ಲ. ತಂಗಿ ಕೆನಡಾದಲ್ಲಿದ್ದಾಳೆ ಅಂತ ಅಕ್ಕ ಹೇಳಿದ್ದಳಂತೆ, ಅಷ್ಟೇ. ನಮ್ಮ ಫ್ರಿಜ್ ಮೇಲೆ ಅಂಟಿಸಿದ್ದೇನೆ, ಇಲ್ಲಿ ನೋಡಿ. ಒಂದೇ ಪದ ಇದೆ. ಸಾರಿ.