ಮೈಕಿನಿಂದ ಒಂದು ಹೆಜ್ಜೆ ಹಿಂದೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಬ್ಲೂಗ್ರಾಸ್ ಎಂಬ ಸಂಗೀತ ಶೈಲಿಯ ಫಿಡಲ್ ಎಂದರೆ ನಮ್ಮ ಪಿಟೀಲೇ. ವಾದ್ಯ ಅದೇ, ತಂತಿಗಳೂ ನಾಲ್ಕೇ. ಅಲ್ಲಿ ನಿಂತು ನುಡಿಸುತ್ತಾರೆ ಅಷ್ಟೆ. ಜೊತೆಗೆ ಬ್ಯಾಂಜೊ, ಮ್ಯಾಂಡೊಲಿನ್, ಗಿಟಾರ್, ಆಳೆತ್ತರದ ಬಾಸ್. ಈ ಸಂಗೀತಕ್ಕೆ ರೂಪ ಕೊಟ್ಟವರು ಅಮೆರಿಕದ ಕೆಂಟಕಿಯ ಬಿಲ್ ಮನ್ರೋ. 1939ರಲ್ಲಿ ಅವರು ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ರೇಡಿಯೊ ಕಾರ್ಯಕ್ರಮ ಸೇರಿದರು. ಅವರ ತಂಡದ ಹೆಸರು ಬ್ಲೂ ಗ್ರಾಸ್ ಬಾಯ್ಸ್. ಕೊನೆಗೆ ಆ ಸಂಗೀತಕ್ಕೂ ಅದೇ ಹೆಸರು ನಿಂತಿತು.

ಊರೂರು ಸುತ್ತಿ ಇದನ್ನು ನುಡಿಸಿ ಹೊಟ್ಟೆ ಹೊರೆಯೋಕೆ ಆಗುತ್ತಾ? ಹೀಗೆ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವವರು ಪಿಟೀಲು ವಾದಕ ಕೆನ್ನಿ ಬೇಕರ್. ಕೆಂಟಕಿಯ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. 1950ರ ದಶಕದಲ್ಲಿ ಮನ್ರೋ ತಂಡ ಸೇರಿದರು. ಬರುವ ದುಡ್ಡು ಸಂಸಾರಕ್ಕೆ ಸಾಲದೆ ಮತ್ತೆ ಗಣಿಗೆ ಹೋದರು. ತಂಡಕ್ಕೆ ವಾಪಸ್ ಬಂದರು, ಪುನಃ ಬಿಟ್ಟು ಹೋದರು. 1968ರಲ್ಲಿ ಬಂದವರು ಮಾತ್ರ 1984ರವರೆಗೆ ಉಳಿದರು. ಬ್ಲೂಗ್ರಾಸ್‌ನಲ್ಲಿ ಇವರಿಗಿಂತ ದೊಡ್ಡ ಪಿಟೀಲು ವಾದಕರಿಲ್ಲ ಎಂದು ಮನ್ರೋ ವೇದಿಕೆಯ ಮೇಲೇ ಹೇಳುತ್ತಿದ್ದರು. ಅಂಥವರೂ ಮನೆ ನಡೆಸಲು ಗಣಿಗೆ ಇಳಿಯಬೇಕಾಯಿತಲ್ಲ ಅನ್ನೋದು ನನ್ನನ್ನು ಇವತ್ತಿಗೂ ಕಾಡುತ್ತದೆ.

1965ರಲ್ಲಿ ಕಾರ್ಲ್‌ಟನ್ ಹೇನಿ ಎಂಬುವರು ವರ್ಜೀನಿಯಾದ ಫಿನ್‌ಕ್ಯಾಸಲ್‌ನಲ್ಲಿ ಹಲವು ದಿನಗಳ ಬ್ಲೂಗ್ರಾಸ್ ಉತ್ಸವ ಮಾಡಿದರು. ಆಮೇಲೆ ಇಂಥ ಉತ್ಸವಗಳು ಊರೂರಲ್ಲೂ ಶುರುವಾದವು. ಇವತ್ತಿಗೂ ವಾದಕರ ಬೇಸಿಗೆ ನಡೆಯುವುದು ಇವುಗಳ ಮೇಲೆಯೇ. ಗುರುವಾರ ವ್ಯಾನ್ ಹತ್ತಿದರೆ ಮನೆ ಸೇರುವುದು ಸೋಮವಾರ ಬೆಳಗ್ಗೆ. ಉಳಿದ ದಿನ ಪಾಠ, ರೆಕಾರ್ಡಿಂಗ್. ಕಾರ್ಯಕ್ರಮ ಮುಗಿದ ಮೇಲೆ ಮೇಜಿನ ಹಿಂದೆ ನಿಂತು ತಮ್ಮ ಸಿಡಿಗಳನ್ನು ತಾವೇ ಮಾರುತ್ತಾರೆ. ಅದೂ ಸಂಪಾದನೆಯ ಒಂದು ಭಾಗ.

ಆದರೆ ಮುಂದಿನ ವಾರವೂ ನಿಮ್ಮನ್ನೇ ಕರೆಯಬೇಕಾದರೆ ಏನು ಬೇಕು? ವೇಗ ಅಂತ ಜಾಸ್ತಿ ಜನ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವನು ನಾನು. ಒಂದು ಉತ್ಸವದಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ನಾಲ್ಕೈದು ಜನ ಸುತ್ತ ನಿಂತು ನುಡಿಸುತ್ತಿದ್ದರು. ನಾನೂ ಸೇರಿಕೊಂಡೆ. ಹಾಡುವವರ ದನಿಯ ಮೇಲೆಲ್ಲ ಬಿಡದೆ ಕಮಾನು ಎಳೆದೆ. ಹಾಡು ಮುಗಿದ ಮೇಲೆ ಒಬ್ಬ ಹಿರಿಯರು ನನ್ನ ಮೊಣಕೈ ಮುಟ್ಟಿ, ಹಾಡುವಾಕೆ ಉಸಿರು ತೆಗೆದುಕೊಳ್ಳುವಾಗ ನುಡಿಸು, ಆಕೆ ಹಾಡುವಾಗ ಕೇಳು ಎಂದರು. ನಮ್ಮ ಪಕ್ಕವಾದ್ಯದಲ್ಲಿ ಗಾಯಕರ ಬೆನ್ನಿಗೇ ನಡೆಯುತ್ತೇವೆ, ಅಲ್ವಾ? ಬ್ಲೂಗ್ರಾಸ್‌ನಲ್ಲಿ ಹಾಡಿನ ಸಾಲು ಮತ್ತು ಸಾಲಿನ ನಡುವಿನ ಸಂದಿಯೇ ಪಿಟೀಲಿನ ಜಾಗ.

ಶ್ರುತಿಯ ವಿಷಯವೂ ಬೇರೆ. ನಾವು ಗಾಯಕರ ಶ್ರುತಿಗೆ ತಂತಿಗಳನ್ನೇ ಹೊಂದಿಸಿಕೊಳ್ಳುತ್ತೇವೆ. ಅಲ್ಲಿ ಸಾಮಾನ್ಯವಾಗಿ ತಂತಿಗಳು ಪಾಶ್ಚಾತ್ಯ ಸಂಗೀತದ ಜಿ, ಡಿ, ಎ, ಇ ಸ್ವರಗಳಲ್ಲೇ ಇರುತ್ತವೆ. ಮನ್ರೋ ಅವರದು ಎತ್ತರದ ಕಂಠ. ಬಿ, ಬಿ ಫ್ಲಾಟ್ ಶ್ರುತಿಗಳಲ್ಲಿ ಹಾಡುತ್ತಿದ್ದರು. ಆಗ ಬೆರಳಿಡದ ತಂತಿಯ ನೆರವು ಅಷ್ಟಾಗಿ ಸಿಗದು. ಎಲ್ಲವನ್ನೂ ಬೆರಳೇ ಹುಡುಕಬೇಕು. ಗಾಯಕಿಗೆ ಇವತ್ತು ಗಂಟಲು ಕೆಟ್ಟಿದೆ, ಅರ್ಧ ಸ್ವರ ಇಳಿಸೋಣ ಅಂದರೆ ಆ ಗಳಿಗೆಯಲ್ಲೇ ಇಳಿಸಬೇಕು. ನೆಚ್ಚಬಹುದಾದ ವಾದಕ ಅಂದರೆ ಇಂಥವನೇ.

ಇನ್ನೊಂದು, ಒಂದೇ ಮೈಕಿನ ಸುತ್ತ ನಿಲ್ಲುವ ತಂಡಗಳು. ಹಾಡಿನ ಒಂದು ಚರಣ ಮುಗಿಯುವ ಹೊತ್ತಿಗೆ ಗಾಯಕ ಬಲಕ್ಕೆ ಸರಿಯುತ್ತಾನೆ, ಪಿಟೀಲಿನವಳು ಎಡದಿಂದ ಒಳಗೆ ಬರುತ್ತಾಳೆ. ಕಮಾನಿನ ತುದಿ ಯಾರ ಟೋಪಿಗೂ ತಾಗಬಾರದು. ತನ್ನ ಸರದಿ ಮುಗಿದ ತಕ್ಷಣ ಒಂದು ಹೆಜ್ಜೆ ಹಿಂದೆ. ನೂರಾರು ರಾತ್ರಿ ಜೊತೆಗೆ ನುಡಿಸಿದವರಿಗೆ ಮಾತ್ರ ಬರುವ ನಡೆ ಅದು.

ಇಂಡಿಯಾನಾದ ಪಿಟೀಲು ವಾದಕ ಮೈಕಲ್ ಕ್ಲೀವ್‌ಲ್ಯಾಂಡ್‌ಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಮೊದಲು ಗಾಯಕಿ ಡೇಲ್ ಆನ್ ಬ್ರ್ಯಾಡ್ಲಿ, ಆಮೇಲೆ ಗಾಯಕಿ ರೋಂಡಾ ವಿನ್ಸೆಂಟ್ ತಂಡಗಳಲ್ಲಿ ಪಕ್ಕದಲ್ಲಿ ನಿಂತು ನುಡಿಸಿದರು. 2006ರಲ್ಲಿ ಸ್ವಂತ ತಂಡ ಕಟ್ಟಿದರು. 2020ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಈಗಲೂ ಯಾರಾದರೂ ಹಾಡಲು ಶುರು ಮಾಡಿದರೆ ಅವರ ಕಮಾನು ತಣ್ಣಗಾಗುತ್ತದೆ.

ಈಗ ಬೇಕರ್ ನುಡಿಸಿದ ಒಂದು ಹಾಡು ಹಾಕುತ್ತೇನೆ. ಪಿಟೀಲಿನ ಸರದಿ ಬರುವವರೆಗೆ ಕಾಯಬೇಡಿ. ಮನ್ರೋ ಮೊದಲ ಸಾಲು ಮುಗಿಸಿ ಉಸಿರೆಳೆಯುವ ಆ ಸಣ್ಣ ಸಂದಿಯಲ್ಲಿ ಏನಾಗುತ್ತದೆ ಕೇಳಿ.