ಉತ್ತರ ಬರಲು ಎಂಟು ವರ್ಷ

ಕೇಳುಗರಿಗೆ ನಮಸ್ಕಾರ.

ಕತೆ ಗೊತ್ತಾದ ಮೇಲೆ ಪುಸ್ತಕ ಯಾಕೆ? ಮನೆಯಲ್ಲಿ ನನ್ನನ್ನು ಕೇಳಿದ್ದು ಇದನ್ನೇ. ಚೀನಾದ ಲಿಯು ಸಿಶಿನ್ ಅವರ ‘ದ ತ್ರೀ-ಬಾಡಿ ಪ್ರಾಬ್ಲಮ್’ ಕಾದಂಬರಿಯ ಮೇಲೆ 2024ರಲ್ಲಿ ಬಂದ ಎಂಟು ಕಂತಿನ ಸರಣಿಯನ್ನು ಎರಡೇ ರಾತ್ರಿಯಲ್ಲಿ ನೋಡಿ ಮುಗಿಸಿದ್ದೆವು. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದಕ್ಕೆ ನನಗೆ ಒಂದು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಒಂದು ಸುತ್ತು, ಆಮೇಲೆ ಬೆಂಚಿನ ಮೇಲೆ ಹತ್ತು ಪುಟ.

ಮೊದಮೊದಲು ಮುನಿಸೇ ಬಂತು. ಸರಣಿಯಲ್ಲಿದ್ದ ಆಕ್ಸ್‌ಫರ್ಡಿನ ಐವರು ಗೆಳೆಯರು ಪುಸ್ತಕದಲ್ಲಿ ಇಲ್ಲವೇ ಇಲ್ಲ. ವಾಂಗ್ ಮಿಯಾವ್ ಅಂತ ಬೀಜಿಂಗಿನ ವಿಜ್ಞಾನಿ ಒಬ್ಬನೇ ಒದ್ದಾಡುತ್ತಾನೆ. ಪೊಲೀಸಿನವನಿಗೆ ಮಾತ್ರ ಟೀವಿಯ ಮುಖವೇ ಅಂಟಿಕೊಂಡಿತು, ಕಿತ್ತರೂ ಬರಲಿಲ್ಲ.

ಆಮೇಲೆ ಬಂತು ನೋಡಿ, ಸೈನಿಕರ ಅಧ್ಯಾಯ. ಮೂರು ಕೋಟಿ ಸೈನಿಕರು ಸೇರಿ ಒಂದು ಕಂಪ್ಯೂಟರ್! ಸರಣಿಯಲ್ಲಿ ಅದನ್ನು ನೋಡಿದಾಗ ಬನ್ನಿಮಂಟಪದ ಪಂಜಿನ ಕವಾಯತು ನೆನಪಾಗಿತ್ತು, ಅಷ್ಟೇ. ಪುಸ್ತಕದಲ್ಲಿ ಮೊದಲು ಮೂವರನ್ನೇ ನಿಲ್ಲಿಸಿ ಪಾಠ ಹೇಳುತ್ತಾರೆ. ಕಪ್ಪು ಬಾವುಟ ಅಂದರೆ 1, ಬಿಳಿ ಅಂದರೆ 0. ಇಬ್ಬರೂ ಕಪ್ಪು ಎತ್ತಿದರೆ ಮಾತ್ರ ಮೂರನೆಯವನು ಕಪ್ಪು ಎತ್ತಬೇಕು, ಇಲ್ಲದಿದ್ದರೆ ಬಿಳಿ. ನಾನೂ ಜಗಲಿಯಲ್ಲಿ ಮೊಮ್ಮಕ್ಕಳಿಬ್ಬರ ಕೈಗೆ ಕರಿ ಕೊಡೆ, ಬಿಳಿ ಟವೆಲ್ ಕೊಟ್ಟು, ಮೂರನೆಯವನಾಗಿ ನಿಂತೆ. ಎರಡು ಸಲ ತಪ್ಪಿದೆ. “ತಾತ ಹ್ಯಾಂಗ್ ಆದ್ರು” ಅಂತ ಚಿಕ್ಕವಳು ಕೂಗಿಕೊಂಡಳು.

ಆದರೆ ನನ್ನನ್ನು ಕಟ್ಟಿಹಾಕಿದ್ದು ರೇಡಿಯೋ. ಯೆ ವೆನ್‌ಜ್ಯೆ ಎಂಬಾಕೆ, ಕಣ್ಣೆದುರೇ ತಂದೆಯನ್ನು ಹೊಡೆದು ಕೊಂದದ್ದನ್ನು ಕಂಡವಳು, ಸೂರ್ಯನನ್ನೇ ಆಂಪ್ಲಿಫೈಯರ್ ಮಾಡಿಕೊಂಡು ಆಕಾಶಕ್ಕೆ ಸಂದೇಶ ಕಳಿಸುತ್ತಾಳೆ. ಅದನ್ನು ಕೇಳಿಸಿಕೊಳ್ಳುವ ಬೇರೆ ಲೋಕದವರು ಇರುವುದು ನಾಲ್ಕು ಜ್ಯೋತಿರ್ವರ್ಷದಾಚೆ, ಅಂದರೆ ಬೆಳಕಿಗೂ ರೇಡಿಯೋ ಅಲೆಗೂ ನಾಲ್ಕು ವರ್ಷದ ದಾರಿ. ಸಂದೇಶ ಹೋಗಲು ನಾಲ್ಕು ವರ್ಷ, ಉತ್ತರ ಬರಲು ನಾಲ್ಕು. ಪರದೆಯ ಮೇಲೆ ಆ ಕಾಲ ರೆಪ್ಪೆ ಬಡಿಯುವಷ್ಟರಲ್ಲಿ ಕಳೆದುಹೋಗಿತ್ತು. ಓದುವಾಗ ಹಾಗಾಗಲಿಲ್ಲ. ಉತ್ತರ ಬಂದೇ ಬರುತ್ತದೆಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಪುಟ ಮಗುಚಲು ಕೈಯೇ ಬರಲಿಲ್ಲ. ಕತೆ ಗೊತ್ತಿಲ್ಲದೆ ಓದಿದ್ದರೆ ಓಡಿಬಿಡುತ್ತಿದ್ದೆನೇನೋ.

1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದ ಊರು ನಮ್ಮದು. ಇಲ್ಲಿಂದ ಹೊರಟ ದನಿ ಮಂಡ್ಯ ಮುಟ್ಟಲು ಸೆಕೆಂಡಿನ ಸಾವಿರದಲ್ಲೊಂದು ಭಾಗವೂ ಬೇಡ. ಅವಳಿಗೆ ಎಂಟು ವರ್ಷದ ಮೇಲೆ ಬಂದ ಮಾತಾದರೂ ಏನು? “ಉತ್ತರಿಸಬೇಡಿ.” ಅದೂ ಮೂರು ಸಲ. ಅವಳು ಉತ್ತರಿಸಿದಳು.

ಎರಡನೇ ಭಾಗ ಮೇಜಿನ ಮೇಲಿದೆ. ಸರಣಿಯ ಮುಂದಿನ ಕಂತುಗಳು ಬರುವವರೆಗೆ ಅದನ್ನು ಮುಟ್ಟಕೂಡದೆಂದು ನಾನು, ಹಾಗಾದರೆ ನನಗೆ ಕೊಡಿ ಎಂದು ಮನೆಯಾಕೆ. ನಮಸ್ಕಾರ.