ಜ್ವರ ಎಂದಾಗ ಸೂಪರ್‌ವೈಸರ್ ಏನನ್ನುತ್ತಾರೆ?

ಕೇಳುಗರಿಗೆ ನಮಸ್ಕಾರ. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ಸಡಿಲವಾಗಿ ಬೆಂಗಳೂರಿನ ಗಾರ್ಮೆಂಟ್ಸ್‌ಗಳು ಬಾಗಿಲು ತೆರೆದಾಗ, ಗೇಟುಗಳಲ್ಲಿ ಕಂಡದ್ದು ಹಣೆಗೆ ಹಿಡಿಯುವ ಥರ್ಮಲ್ ಗನ್ ಮತ್ತು ಸ್ಯಾನಿಟೈಸರ್ ಬಾಟಲಿ. ಆ ಗನ್ನನ್ನು ದಾಟುವುದು ಕಷ್ಟವೇನಲ್ಲ. ಒಂದು ಪ್ಯಾರಸಿಟಮಾಲ್ ನುಂಗಿದರೆ ಜ್ವರ ಕೆಲವು ಗಂಟೆ ತಗ್ಗಿರುತ್ತದೆ. ಹಾಗಾಗಿ ಕಾಯಿಲೆಯನ್ನು ಬೇಗ ಹಿಡಿಯುವುದು ಯಂತ್ರಕ್ಕಿಂತ ಹೆಚ್ಚಾಗಿ ಕೆಲಸಗಾರ್ತಿಯ ಬಾಯಿಮಾತು: "ಮೇಡಂ, ನಿನ್ನೆ ರಾತ್ರಿಯಿಂದ ಮೈ ಬಿಸಿಯಾಗಿದೆ."

ಆ ಮಾತು ಹೊರಬರುತ್ತದೋ ಇಲ್ಲವೋ ಎಂಬುದು ಲೈನ್ ಸೂಪರ್‌ವೈಸರ್, ಅಂದರೆ ಒಂದು ಹೊಲಿಗೆ ಸಾಲಿನ ಮೇಲ್ವಿಚಾರಕರ ಕೈಯಲ್ಲಿದೆ. "ಇವತ್ತೇ ಬರಬೇಕಿತ್ತಾ ನಿನಗೆ ಜ್ವರ? ಟಾರ್ಗೆಟ್ ಯಾರು ಮುಗಿಸ್ತಾರೆ?" ಎಂದು ಒಬ್ಬಳನ್ನು ಎಲ್ಲರೆದುರು ಗದರಿದರೆ, ಉಳಿದವರು ಮರುದಿನದಿಂದ ಮಾತ್ರೆ ನುಂಗಿಯೇ ಬರುತ್ತಾರೆ. ಹಾಜರಿ ಬೋನಸ್ ಇರುವಲ್ಲಂತೂ ಕೇಳುವುದೇ ಬೇಡ. ಸೋಂಕಿನ ಕಾಲದಲ್ಲಿ ಅದು ಕಾಯಿಲೆಯವರನ್ನು ಕೆಲಸಕ್ಕೆ ಕರೆತರಲು ಕೊಡುವ ಹಣ. ಅದನ್ನು ಹಾಜರಿಗೆ ಜೋಡಿಸದೆ ಎಲ್ಲರಿಗೂ ಕೊಟ್ಟುಬಿಡುವುದು ಲೇಸು.

ಬರೀ ಮೃದು ಮಾತೂ ಸಾಲದು, ಲೆಕ್ಕ ಹೊಂದಬೇಕು. ಇ.ಎಸ್.ಐ.ನಲ್ಲಿ, ಅಂದರೆ ಸರ್ಕಾರದ ಕಾರ್ಮಿಕ ವಿಮೆಯಲ್ಲಿ, ಕಾಯಿಲೆ ರಜೆಗೆ ಸರಾಸರಿ ದಿನಗೂಲಿಯ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಆದರೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಹಣವಿಲ್ಲ. ಜ್ವರವನ್ನು ಮುಚ್ಚಿಟ್ಟುಕೊಂಡು ಬರುವುದೂ ಆ ಎರಡು ದಿನಗಳಲ್ಲೇ. ಅಷ್ಟರ ಕೂಲಿಯನ್ನು ಕಾರ್ಖಾನೆಯೇ ಕೊಡುವಂತೆ ಮೇಲಿನವರನ್ನು ಒಪ್ಪಿಸುವುದು ಒಳ್ಳೆಯ ಮ್ಯಾನೇಜರ್ ಕೆಲಸ. 30 ಟೈಲರ್‌ಗಳ ಲೈನಿನಲ್ಲಿ 3 ಜನ ಇಲ್ಲವೆಂದರೆ, ಗಂಟೆಗೆ 100 ಪೀಸಿನ ಟಾರ್ಗೆಟ್ ಅಂದೇ 90ಕ್ಕೆ ಇಳಿಯಬೇಕು. ಇಳಿಸದಿದ್ದರೆ ಉಳಿದವರ ಸಿಟ್ಟೆಲ್ಲ ರಜೆ ಹಾಕಿದವಳ ಮೇಲೆ ತಿರುಗುತ್ತದೆ, ಮುಂದಿನ ಸಲ ಆಕೆ ಬಾಯಿ ಬಿಡುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಮಷೀನ್ ಸದ್ದಿನಲ್ಲಿ ಕೂಗಿ ಹೇಳಲು ಸೂಪರ್‌ವೈಸರ್ ಮಾಸ್ಕನ್ನು ಗದ್ದಕ್ಕೆ ಇಳಿಸುತ್ತಾರೆ. ಕೂಗಿದಾಗ ಬಾಯಿಂದ ಸಿಡಿಯುವ ಹನಿಗಳೂ ಹೆಚ್ಚು, ನೋಡುವವರಿಗೆ ಸಿಗುವ ಪಾಠವೂ ಕೆಟ್ಟದ್ದು. ಕೈಸನ್ನೆ ಅಥವಾ ಬರೆಯುವ ಬೋರ್ಡ್ ಸಾಕು. ಮಾಸ್ಕ್ ಎಲ್ಲರೂ ತೆಗೆಯುವುದು ಕ್ಯಾಂಟೀನಿನಲ್ಲಿ. ಅಲ್ಲಿ ಲೈನ್‌ವಾರು ಸರದಿಯಲ್ಲಿ ಊಟಕ್ಕೆ ಬಿಡಬೇಕು, ಕಿಟಕಿಗಳು ತೆರೆದಿರಬೇಕು.

ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್ಸನ್ 1990ರ ದಶಕದಲ್ಲಿ ಆಸ್ಪತ್ರೆ ತಂಡಗಳನ್ನು ಅಧ್ಯಯನ ಮಾಡಿದಾಗ, ಒಳ್ಳೆಯ ಮುಖ್ಯಸ್ಥರಿದ್ದ ತಂಡಗಳಲ್ಲೇ ಔಷಧ ಕೊಡುವಾಗಿನ ತಪ್ಪುಗಳು ಹೆಚ್ಚು ದಾಖಲಾಗಿದ್ದವು. ಅಲ್ಲಿ ತಪ್ಪನ್ನು ಹೇಳಿಕೊಳ್ಳಲು ಹೆದರಿಕೆ ಇರಲಿಲ್ಲ ಎಂಬುದು ಆಕೆ ಕಂಡುಕೊಂಡ ವಿವರಣೆ. ಜ್ವರ ಎಂದವರ ಹೆಸರು ಬರೆದಿಡುವ ರಿಜಿಸ್ಟರನ್ನೂ ಹಾಗೆಯೇ ಓದಬೇಕು. ಅಕ್ಕಪಕ್ಕದ ಲೈನುಗಳಲ್ಲಿ ವಾರಕ್ಕೆ ಮೂರು ನಾಲ್ಕು ಹೆಸರಿದ್ದು ಒಂದರಲ್ಲಿ ಮಾತ್ರ ಸೊನ್ನೆ ಇದ್ದರೆ, ಮ್ಯಾನೇಜರ್ ಅದನ್ನು ಹೊಗಳುವ ಮೊದಲು, ಟೀ ಹೊತ್ತಿನಲ್ಲಿ ಸೂಪರ್‌ವೈಸರನ್ನು ಜೊತೆಗೆ ಕರೆದುಕೊಳ್ಳದೆ ಆ ಲೈನಿಗೆ ಹೋಗಿ ವಿಚಾರಿಸಲಿ.